ಮೂಕಪ್ರಾಣಿಯ ಬೇನೆ ಮತ್ತು ಬಡವನ ಕಿಸೆ

ನಾಯಿಯ ಗುದಗ್ರಂಥಿಯ ಬೇನೆಯನ್ನು ಕುರಿತು ಪತ್ರಿಕೆಯಲ್ಲಿ ಬರೆಯುವುದುಂಟೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಇದು ನಾಲ್ವರ ನಡುವೆ ಆಡತಕ್ಕ ಮಾತಲ್ಲವೆಂಬುದನ್ನು ನಾವೂ ಬಲ್ಲೆವು. ಆದರೆ ಹೇಳಿಕೊಳ್ಳಲು ನಾಚಿಕೆಯಾಗುವ ಬೇನೆಯೇ ಹೆಚ್ಚಾಗಿ ಕೈಮೀರುವುದು. ಕೈಮೀರಿದ ಬೇನೆಯೇ ಹೆಚ್ಚಾಗಿ ಹಣವನ್ನು ನುಂಗುವುದು. ನಾಚಿಕೆಯಿಂದ ನಷ್ಟವಾಗುವುದು ಬಡವನಿಗೇ ಆದುದರಿಂದ, ಈ ವಿಷಯವನ್ನು ಬಾಯಿಬಿಟ್ಟು ಚರ್ಚಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಕೋಯಂಬೇಡು ರಾತ್ರಿಯಲ್ಲಿ ಎಚ್ಚರವಿರುವ ಊರು. ಜಾರ್ಜ್ ಟೌನಿನ ಕೊತ್ತವಾಲ್ ಚಾವಡಿಯ ಇಕ್ಕಟ್ಟಿನಲ್ಲಿ ನಡೆಯುತ್ತಿದ್ದ ಸಗಟು ವ್ಯಾಪಾರವು ೧೯೯೬ರಲ್ಲಿ ಇಲ್ಲಿಗೆ ಬಂದಂದಿನಿಂದ, ನಡುರಾತ್ರಿಯಲ್ಲಿ ಲಾರಿಗಳು ಬಂದು ನಿಲ್ಲುವುದೂ, ಬೆಳಕು ಹರಿಯುವ ಮುನ್ನವೇ ದೊಡ್ಡ ವ್ಯಾಪಾರ ನಡೆದುಹೋಗುವುದೂ ಇಲ್ಲಿನ ನಿತ್ಯಕ್ರಮ. ೨೦೦೨ರಲ್ಲಿ ಬಸ್ ನಿಲ್ದಾಣ ತೆರೆದ ಮೇಲೆ, ಬಹುಕಾಲ, ಬೆಂಗಳೂರಿನಿಂದ ಬಂದ ಕನ್ನಡಿಗನ ಕಾಲು ಮದರಾಸಿನ ನೆಲವನ್ನು ಮೊದಲು ಮುಟ್ಟುತ್ತಿದ್ದುದೂ ಇಲ್ಲಿಯೇ. ಇಂತಹ ಊರಿನಲ್ಲಿ ಅಡಿಗೆ ಭಟ್ಟನಾಗಿ, ಮಾಣಿಯಾಗಿ, ಗಲ್ಲಾದ ಮೇಲಿನ ಗುಮಾಸ್ತನಾಗಿ ದುಡಿಯುವವನಿಗೆ ನೆಂಟರಿಷ್ಟರು ದೂರ. ಹೋಟೆಲಿನ ಹಿತ್ತಿಲಿಗೆ ಬಂದ ಮರಿಯೊಂದು ಒಂದು ಹಿಡಿ ಅನ್ನ ತಿಂದು, ಅವನ ಬೆನ್ನು ಹತ್ತಿ, ಅವನ ಕೋಣೆಯ ಬಾಗಿಲಲ್ಲಿಯೇ ಮಲಗತೊಡಗುತ್ತದೆ. ಸಂಸಾರಸ್ಥ ಗುಮಾಸ್ತನ ಮನೆಯಲ್ಲಾದರೆ ಮಕ್ಕಳ ಹಟಕ್ಕೆ ಬಿಳಿಯ ಸಣ್ಣ ನಾಯಿಯೊಂದು ಬಂದು ಸೇರುತ್ತದೆ. ನಾಯಿ ಬರುವಾಗ ಖರ್ಚಿಲ್ಲ. ಅದಕ್ಕೆ ಕಾಯಿಲೆಯಾದಾಗಲೇ ಲೆಕ್ಕ ಆರಂಭವಾಗುವುದು.

ನಾಯಿಯ ಮಲದ್ವಾರದ ಎರಡು ಬದಿಗಳಲ್ಲಿ, ಗಡಿಯಾರದ ಮುಖದ ಮೇಲೆ ನಾಲ್ಕು ಮತ್ತು ಎಂಟು ಗಂಟೆಗಳು ಇರುವ ಎಡೆಯಲ್ಲಿ, ಚರ್ಮದ ಒಳಗೆ ಎರಡು ಪುಟ್ಟ ಚೀಲಗಳಿವೆ. ಇವುಗಳಲ್ಲಿ ತೀಕ್ಷ್ಣವಾದ, ಕೊಳೆತ ಮೀನಿನಂತಹ ವಾಸನೆಯ ದ್ರವವೊಂದು ಕೂಡಿಕೊಳ್ಳುತ್ತದೆ. ಒಂದು ನಾಯಿ ಇನ್ನೊಂದನ್ನು ಹಿಂದಿನಿಂದ ಮೂಸಿ ಗುರುತು ಹಿಡಿಯುವುದರಲ್ಲಿ ಈ ವಾಸನೆಗೂ ಪಾತ್ರವುಂಟು. ಮಲವು ಗಟ್ಟಿಯಾಗಿದ್ದರೆ ಅದು ಹೊರಬೀಳುವಾಗ ಚೀಲಗಳನ್ನು ಒತ್ತಿ ದ್ರವವನ್ನು ತಾನಾಗಿಯೇ ಖಾಲಿ ಮಾಡುತ್ತದೆ. ಮಲ ಪದೇ ಪದೇ ಸಡಿಲವಾದರೆ, ನಾಯಿಗೆ ಬೊಜ್ಜು ಬಂದರೆ, ಚರ್ಮದ ತುರಿಕೆಯೋ ಆಹಾರದ ಒಗ್ಗದಿಕೆಯೋ ಇದ್ದರೆ, ಈ ಕೆಲಸ ಸರಿಯಾಗಿ ನಡೆಯದೆ ಹೋಗಬಹುದು. ಆಗ ದ್ರವವು ಮಂದವಾಗಿ ಚೀಲದಲ್ಲಿ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡದ್ದು ಉರಿಯೂತವಾಗುತ್ತದೆ, ಉರಿಯೂತವು ಕೀವು ತುಂಬಿದ ಕುರುವಾಗುತ್ತದೆ, ಕುರು ಒಡೆದರೆ ಬಾಲದ ಬುಡದಲ್ಲಿ ಹಸಿ ಗಾಯವಾಗಿ ನಿಲ್ಲುತ್ತದೆ. ಬ್ರಿಟನ್ನಿನ ರಾಯಲ್ ವೆಟರಿನರಿ ಕಾಲೇಜಿನವರು ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ದೇಶದ ಪಶುವೈದ್ಯರ ಆರೈಕೆಯಲ್ಲಿದ್ದ ನಾಯಿಗಳಲ್ಲಿ ಒಂದು ವರ್ಷದೊಳಗೆ ನೂರಕ್ಕೆ ನಾಲ್ಕಕ್ಕೂ ಹೆಚ್ಚು ನಾಯಿಗಳಿಗೆ ಈ ತೊಂದರೆ ಕಂಡುಬಂದಿತ್ತು. ಆದುದರಿಂದ ಇದು ಅಪರೂಪದ ರೋಗವೂ ಅಲ್ಲ, ಸಾಕಿದವನ ಮನೆಯ ಅಶುಚಿಯ ಫಲವೂ ಅಲ್ಲ.

ಇದರ ಮೊದಲ ಲಕ್ಷಣ ಎಲ್ಲರಿಗೂ ಕಾಣುವಂತಹುದು. ನಾಯಿ ಕುಳಿತಂತೆಯೇ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತ ಮುಂದಕ್ಕೆ ಸಾಗುತ್ತದೆ. ಮಕ್ಕಳು ನಗುತ್ತಾರೆ, ದೊಡ್ಡವರು ಗದರುತ್ತಾರೆ. ಬಾಲದ ಬುಡವನ್ನು ಬಿಡದೆ ನೆಕ್ಕುವುದು, ಕುಳಿತೊಡನೆ ಹಾರಿ ಏಳುವುದು, ಮಲವಿಸರ್ಜನೆಯ ವೇಳೆ ಕೊರಗುವುದು ಇವೆಲ್ಲ ಅದರ ಮುಂದಿನ ಸೂಚನೆಗಳು. ಮಲದ್ವಾರದ ಬದಿಯಲ್ಲಿ ಕೆಂಪು ಬಾವು, ರಕ್ತ ಅಥವಾ ಕೀವು ಕಂಡಿತೆಂದರೆ ಆ ದಿನವೇ ವೈದ್ಯರ ಬಳಿಗೆ ಹೋಗತಕ್ಕದ್ದು. ವಯಸ್ಸಾದ ನಾಯಿಗೆ ಅಲ್ಲಿ ಗಟ್ಟಿ ಗಂಟಾಗಿ, ಜೊತೆಗೆ ಬಾಯಾರಿಕೆಯೂ ಹೆಚ್ಚಿದರೆ ಅದು ಅರ್ಬುದವಿರಬಹುದು. ಅಲ್ಲಿ ಕಾಯುವುದಂತೂ ಸಲ್ಲದು.

ಆದರೆ ನಮ್ಮಲ್ಲಿ ಆಗುವುದೇನು? ಹಿಂಭಾಗ ಉಜ್ಜಿತೆಂದರೆ ಜಂತುಹುಳುವೇ ಎಂದು ತೀರ್ಮಾನಿಸಿ, ಅಂಗಡಿಯಿಂದ ಹುಳುವಿನ ಮಾತ್ರೆ ತಂದು ನುಂಗಿಸುತ್ತಾರೆ. ಲಾಡಿಹುಳುವಿನಿಂದಲೂ ಹಾಗಾಗುವುದುಂಟು, ಆದರೆ ಹುಳುವಿನ ಮಾತ್ರೆಯಿಂದ ಕಟ್ಟಿಕೊಂಡ ಗ್ರಂಥಿ ಬಿಡುವುದಿಲ್ಲ. ಕೆಲವರು ಬಾವಿನ ಮೇಲೆ ಅರಿಸಿನವನ್ನೋ ಸುಣ್ಣವನ್ನೋ ಮೆತ್ತಿ ವಾರಗಟ್ಟಲೆ ಕಾಯುತ್ತಾರೆ. ಇನ್ನು ಕೆಲವರು ತಮ್ಮ ತಲೆನೋವಿನ ಮಾತ್ರೆಯಲ್ಲಿಯೇ ಅರ್ಧ ಮುರಿದು ಕೊಡುತ್ತಾರೆ. ಇದು ಎಲ್ಲಕ್ಕಿಂತ ಅಪಾಯಕರ. ಮನುಷ್ಯನ ನೋವಿಗೆ ಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದುವು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ಯಕೃತ್ತಿಗೆ ವಿಷ. ಇದಕ್ಕೆ ವಿರುದ್ಧವಾದ ತಪ್ಪೂ ಒಂದುಂಟು. ಸ್ನಾನ ಮಾಡಿಸಿದಾಗಲೆಲ್ಲ, ತೊಂದರೆಯಿಲ್ಲದ ನಾಯಿಗೂ ಗ್ರಂಥಿಯನ್ನು ಹಿಂಡಿಸುವ ವಾಡಿಕೆ ಕೆಲವೆಡೆ ಇದೆ. ಸರಿಯಿರುವ ಚೀಲವನ್ನು ಹಿಂಡಿ ಹಿಂಡಿ ಕೆರಳಿಸುವುದರಿಂದ ಇಲ್ಲದ ರೋಗವನ್ನು ಹಣ ಕೊಟ್ಟು ಕರೆದಂತಾಗುತ್ತದೆ.

ಹೋಟೆಲಿನಲ್ಲಿ ದುಡಿಯುವವರಿಗೆ ನಾವು ವಿಶೇಷವಾಗಿ ಹೇಳಬೇಕಾದುದು ಆಹಾರವನ್ನು ಕುರಿತು. ಮಿಕ್ಕ ಅನ್ನವನ್ನು ಮೂಕಪ್ರಾಣಿಗೆ ಹಾಕುವುದು ನಮ್ಮವರ ಒಳ್ಳೆಯ ಗುಣ. ಆದರೆ ಹೋಟೆಲಿನ ಮಿಕ್ಕಿದ ತಿಂಡಿ ಬರಿಯ ಅನ್ನವಲ್ಲ. ಎಣ್ಣೆಯಲ್ಲಿ ಕರಿದ ವಡೆ, ಬೋಂಡ, ಪೂರಿಗಳು ನಾಯಿಯ ಹೊಟ್ಟೆಯನ್ನು ಕೆಡಿಸಿ ಮಲವನ್ನು ಸಡಿಲಗೊಳಿಸುತ್ತವೆ, ಮೈಗೆ ಬೊಜ್ಜನ್ನು ತರುತ್ತವೆ. ಗ್ರಂಥಿ ಕಟ್ಟಿಕೊಳ್ಳಲು ಇವೆರಡೂ ದಾರಿ. ಈರುಳ್ಳಿ ಸಾಂಬಾರು ನಾಯಿಯ ರಕ್ತಕಣಗಳನ್ನು ನಾಶಮಾಡುವ ಪದಾರ್ಥ. ಕೇಸರಿಬಾತು, ಪಾಯಸಗಳಲ್ಲಿನ ಒಣದ್ರಾಕ್ಷಿ ಅದರ ಮೂತ್ರಪಿಂಡಕ್ಕೆ ವಿಷವಾಗಬಲ್ಲದು. ಖಾರ ಹಾಕದ ಅನ್ನ, ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಮಾಂಸ, ಜೊತೆಗೆ ಬೇಯಿಸಿದ ಸಿಹಿಗುಂಬಳ ಅಥವಾ ಕ್ಯಾರೆಟ್ಟು, ಇಷ್ಟನ್ನು ಮಿತವಾಗಿ ಹಾಕಿದರೆ ಮಲ ಹದವಾಗುವುದಕ್ಕೆ ಸಹಾಯವಾಗುತ್ತದೆ. ಕೋಯಂಬೇಡಿನ ಮಾರುಕಟ್ಟೆಯ ಮಗ್ಗುಲಲ್ಲಿ ಇರುವವನಿಗೆ ಒಂದು ಹೋಳು ಕುಂಬಳಕಾಯಿ ದುಬಾರಿಯಲ್ಲ. ಔಷಧಿಗಿಂತ ತರಕಾರಿ ಅಗ್ಗವಾಗಿರುವ ಊರಿನಲ್ಲಿ ಅದರ ಪ್ರಯೋಜನವನ್ನು ಪಡೆಯದೆ ಇರುವುದು ಜಾಣತನವಲ್ಲ.

ಇನ್ನು ಖರ್ಚಿನ ಮಾತು. ದರವು ಒಂದು ಚಿಕಿತ್ಸಾಲಯದಿಂದ ಇನ್ನೊಂದಕ್ಕೆ ಬೇರೆಯಾದರೂ ಅದರ ಏರಿಕೆಯ ಕ್ರಮ ಎಲ್ಲೆಡೆಯೂ ಒಂದೇ. ಮೊದಲ ಹಂತದಲ್ಲಿ ವೈದ್ಯರು ಕೈಗವಚ ಧರಿಸಿ ಚೀಲವನ್ನು ಒತ್ತಿ ಖಾಲಿ ಮಾಡುತ್ತಾರೆ. ಅದು ಕೆಲವು ನಿಮಿಷಗಳ ಕೆಲಸ, ಖಾಸಗಿಯಲ್ಲಿ ನೂರುಗಳ ಲೆಕ್ಕ. ಕುರುವಾದ ಮೇಲೆ ಅರಿವಳಿಕೆ ಕೊಟ್ಟು ಕೊಯ್ದು ತೊಳೆಯಬೇಕು, ಔಷಧಿ ನಡೆಸಬೇಕು, ಮತ್ತೆ ಮತ್ತೆ ತೋರಿಸಬೇಕು. ಅದು ಸಾವಿರಗಳ ಲೆಕ್ಕ. ಬೇನೆ ಮರುಕಳಿಸಿ ಮರುಕಳಿಸಿ ಕಡೆಗೆ ಚೀಲವನ್ನೇ ತೆಗೆಯಬೇಕಾಗಿ ಬಂದರೆ, ಖರ್ಚು ಹತ್ತು ಸಾವಿರಗಳ ಮೆಟ್ಟಿಲನ್ನು ಹತ್ತಬಹುದು. ಅಪರೂಪಕ್ಕೆ ಮಲವನ್ನು ಹಿಡಿದಿಡುವ ಶಕ್ತಿಯೇ ಕುಂದುವ ಅಪಾಯವೂ ಅದರಲ್ಲಿದೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕು, ಬಡವನಿಗೇಕೆ ನಾಯಿ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಇನ್ನೂ ನಾಯಿಯನ್ನು ತಂದಿಲ್ಲದವನು ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಲೇಬೇಕು. ಹತ್ತು ಹನ್ನೆರಡು ವರ್ಷಗಳ ಹೊಣೆಯೆಂದು ತಿಳಿದೇ ತರಬೇಕು. ಆದರೆ ತಂದಾದ ಮೇಲೆ, ಅನ್ನ ಹಾಕಿ ನಂಬಿಸಿದ ಮೇಲೆ, ಆ ಪ್ರಶ್ನೆಗೆ ಕಾಲ ಮಿಂಚಿತು. ಚಿಕಿತ್ಸೆಗೆ ಹಣವಿಲ್ಲವೆಂದು ಸಾಕಿದ ನಾಯಿಯನ್ನು ಮಾರುಕಟ್ಟೆಯ ಬಳಿ ಬಿಟ್ಟು ಹೋಗುವುದು ಮಿತವ್ಯಯವಲ್ಲ, ಕ್ರೌರ್ಯ. ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದನ್ನು ಅಪರಾಧವೆಂದೇ ಎಣಿಸುತ್ತದೆ. ಮೊದಲ ತಪ್ಪಿಗೆ ಆ ಕಾಯಿದೆ ವಿಧಿಸಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಐವತ್ತು ರೂಪಾಯಿಯ ಭಯದಿಂದ ಯಾರೂ ಧರ್ಮಿಷ್ಠರಾಗುವುದಿಲ್ಲ. ಆದುದರಿಂದ ಕಾನೂನಿಗಿಂತ ಮಿಗಿಲಾಗಿ ನಾವು ನಮ್ಮ ವಾಚಕರ ಅಂತಃಕರಣವನ್ನೇ ನಂಬಿದ್ದೇವೆ.

ಹಾಗೆಂದು ಹೊಣೆಯೆಲ್ಲವನ್ನೂ ಕೂಲಿಯವನ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಪ್ರಾಣಿವೈದ್ಯದ ವಿಷಯದಲ್ಲಿ ಮದರಾಸು ಬಡ ನಗರವೇನೂ ಅಲ್ಲ. ವೇಪೇರಿಯ ಮದರಾಸು ಪಶುವೈದ್ಯ ಕಾಲೇಜು ೧೯೦೩ರಲ್ಲಿ ಆರಂಭವಾಯಿತು. ಭಾರತದ ಮೊದಲನೆಯ ಪಶುವೈದ್ಯ ವಿಶ್ವವಿದ್ಯಾನಿಲಯವು ೧೯೮೯ರಲ್ಲಿ ಈ ನಗರದಲ್ಲಿಯೇ ಸ್ಥಾಪಿತವಾಯಿತು. ಬ್ಲೂ ಕ್ರಾಸ್ ಸಂಸ್ಥೆಯು ಬೀದಿಯ ಪ್ರಾಣಿಗಳಿಗೆ ಆಸರೆಯಾಗಿದೆ. ನಗರಪಾಲಿಕೆಯೂ ನುಂಗಂಬಾಕ್ಕಂ ಮೊದಲಾದೆಡೆ ಸಾಕುಪ್ರಾಣಿಗಳ ಚಿಕಿತ್ಸಾಲಯಗಳನ್ನು ನಡೆಸುತ್ತಿದೆ. ಆದರೂ ಬೀದಿಯ ನಾಯಿಗೆ ಧರ್ಮವುಂಟು, ಬಂಗಲೆಯ ನಾಯಿಗೆ ಹಣವುಂಟು. ದುಡಿಯುವವನ ನಾಯಿಗೆ ಇವೆರಡೂ ಕೈಗೆಟುಕುವುದಿಲ್ಲ. ಅದಕ್ಕೆ ಒಡೆಯನಿರುವುದರಿಂದ ಅದು ಅನಾಥವಲ್ಲ. ಒಡೆಯನಲ್ಲಿ ಹಣವಿಲ್ಲದಿರುವುದರಿಂದ ಅದು ಗಿರಾಕಿಯೂ ಅಲ್ಲ.

ಅವನಿಗಿರುವ ದೊಡ್ಡ ಕೊರತೆ ಹಣಕ್ಕಿಂತಲೂ ವೇಳೆಯದು. ಸರಕಾರಿ ಆಸ್ಪತ್ರೆಯಲ್ಲಿ ದರ ಕಡಿಮೆ, ಆದರೆ ಹೊರರೋಗಿಗಳನ್ನು ನೋಡುವ ಬೆಳಗಿನ ಹೊತ್ತಿನಲ್ಲಿಯೇ ಹೋಟೆಲಿನ ತಿಂಡಿಯ ಗದ್ದಲ, ಕಚೇರಿಯ ಹಾಜರಿ. ಕೋಯಂಬೇಡಿನಿಂದ ವೇಪೇರಿ ಬಹು ದೂರವಲ್ಲದಿದ್ದರೂ, ಕೀವು ಸುರಿಸುವ ನಾಯಿಯನ್ನು ಹತ್ತಿಸಿಕೊಳ್ಳುವ ಆಟೋ ಸುಲಭವಾಗಿ ಸಿಕ್ಕುವುದಿಲ್ಲ. ಅರ್ಧ ದಿನದ ರಜೆ ಕೇಳಿದರೆ ಸಂಬಳ ಮುರಿಯುತ್ತದೆ. ಆದುದರಿಂದ ಇವತ್ತು ನಾಳೆಯೆಂದು ಮುಂದಕ್ಕೆ ಹೋಗಿ, ನೂರರಲ್ಲಿ ಮುಗಿಯುವುದು ಸಾವಿರಕ್ಕೆ ಏರುತ್ತದೆ.

ಈ ಸಂಬಂಧದಲ್ಲಿ ನಮ್ಮ ಸಲಹೆಗಳು ದೊಡ್ಡವಲ್ಲ. ನಗರಪಾಲಿಕೆಯು ಸಾಕುನಾಯಿಗೆ ಪರವಾನಗಿಯನ್ನೂ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನೂ ಕಡ್ಡಾಯ ಮಾಡಿರುವುದು ಯೋಗ್ಯವೇ. ಕಡ್ಡಾಯ ಮಾಡಿದವರು ಅನುಕೂಲವನ್ನೂ ಒದಗಿಸಬೇಕು. ರಾತ್ರಿಯೆಲ್ಲ ದುಡಿಯುವ ಕೋಯಂಬೇಡಿಗೆ ವಾರಕ್ಕೊಮ್ಮೆಯಾದರೂ ಮಧ್ಯಾಹ್ನ ಮೂರರಿಂದ ಆರರವರೆಗೆ ಪಶುವೈದ್ಯರು ಬಂದು ಕುಳಿತರೆ ಬಹಳ ಉಪಕಾರವಾದೀತು. ಖಾಸಗಿ ವೈದ್ಯರು ಸಾಮಾನ್ಯ ಚಿಕಿತ್ಸೆಗಳ ದರವನ್ನು ನಮ್ಮ ಹೋಟೆಲುಗಳ ತಿಂಡಿಯ ಪಟ್ಟಿಯಂತೆ ಗೋಡೆಯ ಮೇಲೆ ತೂಗುಹಾಕಲಿ. ಬೆಲೆ ತಿಳಿದವನು ಹೆದರಿ ಹಿಂದೆಗೆಯುವುದಿಲ್ಲ. ಹೋಟೆಲಿನ ಮಾಲೀಕರು ತಮ್ಮ ಹಿತ್ತಿಲನ್ನು ಕಾಯುವ ನಾಯಿಯ ಚಿಕಿತ್ಸೆಗಾಗಿ ಕೆಲಸಗಾರನಿಗೆ ಅರ್ಧ ದಿನದ ಬಿಡುವನ್ನು ಸಂಬಳ ಮುರಿಯದೆ ಕೊಡಲಿ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ಶಾಮಿಯಾನಕ್ಕೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಇಂತಹ ಕಷ್ಟಕ್ಕೆ ಕೈಗಡವಾಗಿ ಇಟ್ಟರೆ ಕನ್ನಡಕ್ಕೆ ಯಾವ ಕುಂದೂ ಬಾರದು.

ವಾಚಕರು ತಾವೇ ಮಾಡಿಕೊಳ್ಳಬಹುದಾದುದೂ ಉಂಟು. ತಿಂಗಳಿಗೆ ನೂರು ರೂಪಾಯಿಯನ್ನು ನಾಯಿಯ ಹೆಸರಿನ ಡಬ್ಬಿಯಲ್ಲಿ ಹಾಕಿದರೆ ವರ್ಷಕ್ಕೆ ೧೨೦೦ ರೂಪಾಯಿಯಾಗುತ್ತದೆ. ಮೊದಲ ಹಂತದ ಚಿಕಿತ್ಸೆಗೆ ಅದು ಸಾಕಾದೀತು. ವೈದ್ಯರ ಮುಂದೆ ಸಂಕೋಚಪಡದೆ ಮೂರು ಮಾತು ಕೇಳಬೇಕು: ಈಗ ಮಾಡಲೇಬೇಕಾದುದು ಯಾವುದು, ಕಾಯಬಹುದಾದುದು ಯಾವುದು, ಒಟ್ಟು ಎಷ್ಟಾಗುತ್ತದೆ? ಮೊದಲೇ ಕೇಳಿದವನಿಗೆ ಸಾಧ್ಯವಾದ ಅಗ್ಗದ ದಾರಿಯನ್ನು ಹೇಳುವ ವೈದ್ಯರು ಈ ನಗರದಲ್ಲಿ ಇದ್ದಾರೆ. ಮುದಿ ನಾಯಿಗೆ ಅರ್ಬುದವೇ ಆಗಿದ್ದು ದೊಡ್ಡ ಶಸ್ತ್ರಚಿಕಿತ್ಸೆ ಕೈಲಾಗದಿದ್ದರೆ, ಸಾಲ ಮಾಡಿ ಮಕ್ಕಳ ಶಾಲೆಯ ಶುಲ್ಕವನ್ನು ಮುರಿಯಬೇಕೆಂದು ನಾವು ಹೇಳುವುದಿಲ್ಲ. ನೋವನ್ನು ತಗ್ಗಿಸುವ ಔಷಧಿಯನ್ನು ಕೇಳಿ ಪಡೆದು, ಇರುವಷ್ಟು ದಿನ ಅದನ್ನು ಬಾಗಿಲಲ್ಲಿಯೇ ಇಟ್ಟುಕೊಳ್ಳುವುದೂ ಧರ್ಮವೇ. ಎಲ್ಲ ರೋಗವನ್ನೂ ಹಣದಿಂದ ಗೆಲ್ಲಲಾಗುವುದಿಲ್ಲ. ಆದರೆ ನೋವಿನಲ್ಲಿರುವ ಪ್ರಾಣಿಯನ್ನು ಬಿಟ್ಟು ಬರದಿರುವುದಕ್ಕೆ ಹಣ ಬೇಕಾಗಿಲ್ಲ.

ಮಾತು ಬರುವ ಮನುಷ್ಯನೇ ತನ್ನ ಈ ತರದ ಬೇನೆಯನ್ನು ಹೇಳಿಕೊಳ್ಳಲು ಹಿಂಜರಿಯುತ್ತಾನೆ. ಮಾತು ಬಾರದ ಪ್ರಾಣಿ ನೆಲಕ್ಕೆ ಮೈಯುಜ್ಜಿ ತನಗೆ ತಿಳಿದ ರೀತಿಯಲ್ಲಿ ಹೇಳಿಕೊಳ್ಳುತ್ತದೆ. ಅದನ್ನು ನೋಡಿ ನಗುವುದನ್ನು ಬಿಟ್ಟು, ಆ ವಾರವೇ ವೈದ್ಯರಿಗೆ ತೋರಿಸುವ ಅಭ್ಯಾಸವನ್ನು ನಮ್ಮವರು ಮಾಡಿಕೊಳ್ಳಲಿ. ನಾಯಿಗೂ ಸುಖ, ಕಿಸೆಗೂ ಹಗುರ.