ದಿಬ್ಬ ಕದಲುವ ಮೊದಲು ಬಾವಿ ನೀರು ಪರೀಕ್ಷಿಸಿ: ಕೆಜಿಎಫ್ ನಿವಾಸಿಗಳ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕೋಲಾರ ಜಿಲ್ಲೆ, ಕೋಲಾರ.

ವಿಷಯ: ಕೆಜಿಎಫ್ ಸೈನೈಡ್ ದಿಬ್ಬಗಳ ಸುತ್ತಲಿನ ಅಂತರ್ಜಲವನ್ನು ಮರುಗಣಿಗಾರಿಕೆಗೆ ಮುನ್ನವೇ ಪರೀಕ್ಷಿಸಿ, ಮುಂದೆಯೂ ನಿಗಾ ಇಡುವ ಕುರಿತು.

ಮಾನ್ಯರೇ,

ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದು ಬಿಟ್ಟುಹೋದ ಬೂದುಬಣ್ಣದ ದಿಬ್ಬಗಳು ಮಾತ್ರ ನಮ್ಮ ಮನೆಗಳ ಹಿಂದೆ ಇಂದಿಗೂ ನಿಂತಿವೆ. ಒಟ್ಟು 13 ದಿಬ್ಬಗಳು, ಸುಮಾರು 3.3 ಕೋಟಿ ಟನ್ ಪುಡಿ. ಹೊರಗಿನವರು ಇವನ್ನು ಸಿನಿಮಾದಲ್ಲಿ ನೋಡಿದ್ದಾರೆ. ನಾವು ಗಾಳಿಕಾಲದಲ್ಲಿ ಒಗೆದು ಹಾಕಿದ ಬಟ್ಟೆಯ ಮೇಲೆ ನೋಡುತ್ತೇವೆ.

ಈ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಕೆಲಸ ಬರುವುದಾದರೆ ಬೇಡ ಎನ್ನುವವರು ನಾವಲ್ಲ. ಗಣಿ ನಿಂತ ಮೇಲೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವ ಊರು ಇದು. ಆದರೆ ದಿಬ್ಬಕ್ಕೆ ಯಂತ್ರ ತಾಗುವ ಮೊದಲು ನಮ್ಮ ಬಾವಿ, ಬೋರ್‌ವೆಲ್, ಕೆರೆಗಳ ನೀರು ಹೇಗಿತ್ತು ಎಂಬುದು ಸರ್ಕಾರಿ ಕಾಗದದ ಮೇಲೆ ಇರಲೇಬೇಕು. ಇಲ್ಲವಾದರೆ ನಾಳೆ ನೀರು ಕೆಟ್ಟಾಗ ಹೊಸಬರು ಹಳಬರತ್ತ ಬೆರಳು ತೋರಿಸುತ್ತಾರೆ, ಹಳಬರು ಸಿಗುವುದಿಲ್ಲ.

ಸೈನೈಡ್ ಎಂಬ ಹೆಸರೇ ಎಲ್ಲರನ್ನೂ ಹೆದರಿಸುತ್ತದೆ. ಬಿಸಿಲು ಗಾಳಿಗೆ ತೆರೆದುಕೊಂಡ ಸೈನೈಡ್ ಕಾಲಕ್ರಮದಲ್ಲಿ ಒಡೆಯುತ್ತದೆ. ನಮ್ಮ ಹೆಚ್ಚಿನ ಆತಂಕ ಆರ್ಸೆನಿಕ್ ಬಗ್ಗೆ, ಏಕೆಂದರೆ ಅದು ಒಡೆದು ಇಲ್ಲವಾಗುವ ವಸ್ತುವಲ್ಲ. ಗಂಧಕ ಬೆರೆತ ಅದಿರಿನ ಪುಡಿಗೆ ಮಳೆನೀರು, ಗಾಳಿ ಸೇರಿದರೆ ಆಮ್ಲ ಹುಟ್ಟಿ, ಲೋಹಗಳನ್ನು ಕರಗಿಸಿಕೊಂಡು ತಗ್ಗಿಗೆ ಇಳಿಯುತ್ತದೆ. ಎರಡು ದಶಕ ಮೀರಿ ಸುಮ್ಮನೆ ಕೂತ ದಿಬ್ಬವನ್ನು ಕೆದಕಿದರೆ ಒಳಪದರವೂ ಮಳೆಗೆ ತೆರೆದುಕೊಳ್ಳುತ್ತದೆ. ‘ನೀರು ಕಾಯಿಸಿ ಕುಡಿಯಿರಿ’ ಎಂಬ ಬುದ್ಧಿಮಾತು ಇಲ್ಲಿ ಉಪಯೋಗಕ್ಕೆ ಬಾರದು. ಕಾಯಿಸಿದರೆ ನೀರು ಆವಿಯಾಗುತ್ತದೆ, ಆರ್ಸೆನಿಕ್ ಪಾತ್ರೆಯಲ್ಲೇ ಉಳಿಯುತ್ತದೆ.

ಆದ್ದರಿಂದ ಯಾವುದೇ ಕೆಲಸ ಶುರುವಾಗುವ ಮೊದಲು ಕನಿಷ್ಠ ಒಂದು ಪೂರ್ಣ ವರ್ಷ, ಬೇಸಿಗೆಯ ಕೊನೆಗೊಮ್ಮೆ ಮತ್ತು ಹಿಂಗಾರು ಮುಗಿದ ಮೇಲೊಮ್ಮೆ, ನೀರಿನ ಮಾದರಿ ತೆಗೆಯಬೇಕೆಂದು ಕೋರುತ್ತೇವೆ. ನಮ್ಮದು ಗಟ್ಟಿ ಕಲ್ಲಿನ ನೆಲ. ನೀರು ಬಿರುಕು ಹಿಡಿದು ಹರಿಯುವುದರಿಂದ ಒಂದು ಬೋರ್‌ವೆಲ್ ಚೆನ್ನಾಗಿದ್ದರೆ ಪಕ್ಕದ್ದೂ ಚೆನ್ನಾಗಿದೆ ಎನ್ನಲಾಗದು. ಪ್ರತಿ ದಿಬ್ಬದ ಮೇಲ್ಭಾಗದಲ್ಲೂ ಇಳಿಜಾರಿನಲ್ಲೂ ಪರೀಕ್ಷಾ ಕೊಳವೆಬಾವಿ ಇರಬೇಕು. ಪಂಪ್ ನಿಂತ ಮೇಲೆ ತುಂಬಿಕೊಂಡ ಹಳೆಯ ಶಾಫ್ಟ್‌ಗಳ ನೀರನ್ನು ಪರೀಕ್ಷಿಸದೆ ಹೊರಗೆ ಬಿಡಕೂಡದು.

ಮಾದರಿ ತೆಗೆಯುವ ವಿಧಾನದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎಲ್ಲವನ್ನೂ ಒಂದೇ ಬಾಟಲಿಗೆ ತುಂಬಿ ಜೀಪಿನಲ್ಲಿಟ್ಟುಕೊಂಡು ಹೋದರೆ ಪ್ರಯೋಜನವಿಲ್ಲ. ಸೈನೈಡ್ ಪರೀಕ್ಷೆಯ ನೀರಿಗೆ ಸ್ಥಳದಲ್ಲೇ ಕ್ಷಾರ ಬೆರೆಸಿ ತಂಪಾಗಿಡಬೇಕು, ಲೋಹಗಳ ಪರೀಕ್ಷೆಯ ನೀರಿಗೆ ಆಮ್ಲ ಬೆರೆಸಬೇಕು. ತಪ್ಪಿದರೆ ಸೈನೈಡ್ ದಾರಿಯಲ್ಲೇ ಹಾರಿಹೋಗಿ ವರದಿ ‘ಪತ್ತೆಯಾಗಿಲ್ಲ’ ಎಂದು ಬರುತ್ತದೆ. ಮಾದರಿ ತೆಗೆಯುವಾಗ ಆಯಾ ವಾರ್ಡಿನ, ಹಳ್ಳಿಯ ಇಬ್ಬರು ಎದುರಿಗಿರಲಿ. ಒಂದು ಪಾಲು ಮಾದರಿ ಬೇರೊಂದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೂ ಹೋಗಲಿ.

ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ, ಸೈನೈಡ್ 0.05 ಮಿಲಿಗ್ರಾಂ ಮಿತಿ. ಮಿತಿ ಮೀರಿದ ಮೂಲವನ್ನು ಅಂದೇ ಮುಚ್ಚಿ, ಟ್ಯಾಂಕರ್ ನೀರು ಕೊಡುವ ಹೊಣೆ ಯಾರದೆಂದು ಪರವಾನಗಿಯ ಷರತ್ತಿನಲ್ಲೇ ಬರೆಯಬೇಕು. ಖರ್ಚು ಯೋಜನೆಯದು, ಅಳೆಯುವ ಕೈ ಯೋಜನೆಯದಾಗಬಾರದು.

ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಮಿನಂತೆ ಫಲಿತಾಂಶಗಳನ್ನು ನಾವು ಅರ್ಜಿ ಹಾಕದೆಯೇ ಪ್ರಕಟಿಸಬೇಕು. ನಗರಸಭೆ, ಪಂಚಾಯಿತಿ ಕಚೇರಿಗಳ ಗೋಡೆಯ ಮೇಲೆ ಕನ್ನಡದಲ್ಲಿ, ಕಾಲೊನಿಗಳಲ್ಲಿ ತಮಿಳಿನಲ್ಲೂ ಹಾಕಿಸಿ. ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು 30 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ದಿಬ್ಬಗಳ ಸುತ್ತಲಿನ ಕಾಲೊನಿ ಮತ್ತು ಹಳ್ಳಿಗಳ ನಿವಾಸಿಗಳು, ಕೆಜಿಎಫ್ ತಾಲ್ಲೂಕು

ಪ್ರತಿ: ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಅಂತರ್ಜಲ ನಿರ್ದೇಶನಾಲಯ, ಗಣಿ ಮತ್ತು ಭೂವಿಜ್ಞಾನ ಇಲಾಖೆ