ಏಳನೇ ಕಂಪ್ಯೂಟರಿನಲ್ಲಿ ಉಳಿದಿದ್ದ ಲೆಕ್ಕ

ಕಳೆದ ತಿಂಗಳು ಸಂಖ್ಯಾಶಾಸ್ತ್ರದ ಪ್ರಾಜೆಕ್ಟಿನಲ್ಲಿ ನನ್ನ ಸರಾಸರಿಯೂ ಬೇರೆ ಬ್ಯಾಚಿನ ಒಬ್ಬ ಹುಡುಗಿಯ ಸರಾಸರಿಯೂ ಪೈಸೆ ಸಮೇತ ಒಂದೇ ಬಂತು. ನಾನು ನಮ್ಮ ಮೊಹಲ್ಲಾದ 30 ಮನೆಗಳಿಗೆ ಹೋಗಿ ತಿಂಗಳ ಖರ್ಚು ಕೇಳಿ ಬರೆದುಕೊಂಡಿದ್ದೆ. ಅವಳು ತನ್ನ ಊರಿನ ಮನೆಗಳದ್ದು ಬರೆದಿದ್ದಳು. ಸರ್ ಇಬ್ಬರನ್ನೂ ಸ್ಟಾಫ್ ರೂಮಿಗೆ ಕರೆದು, 'ಯಾರು ಯಾರದ್ದು ನೋಡಿ ಬರೆದಿರಿ?' ಎಂದರು. ಆ ಹುಡುಗಿ ಯಾರೆಂದು ನನಗೆ ಗೊತ್ತಾಗಿದ್ದೇ ಅಲ್ಲಿ.

ಇಬ್ಬರೂ ನಕಲು ಮಾಡಿರಲಿಲ್ಲ. ನಡೆದದ್ದು ಇಷ್ಟು. ಲ್ಯಾಬಿನಲ್ಲಿ ನಾವು ಬಳಸುವ 'ಆರ್' ತಂತ್ರಾಂಶವನ್ನು ಮುಚ್ಚುವಾಗ, ಮಾಡಿದ ಕೆಲಸವನ್ನು ಉಳಿಸಬೇಕೇ ಎಂದು ಅದು ಕೇಳುತ್ತದೆ. ಹೌದು ಎಂದರೆ ಆಗ ನೆನಪಿನಲ್ಲಿರುವ ಎಲ್ಲವನ್ನೂ 'ಡಾಟ್ ಆರ್‌ಡೇಟಾ' ಎಂಬ ಫೈಲಿನಲ್ಲಿ ಇಡುತ್ತದೆ. ಮುಂದಿನ ಸಲ ಅದೇ ಫೋಲ್ಡರಿನಿಂದ ತೆರೆದರೆ ಅದನ್ನೆಲ್ಲ ತಾನಾಗಿಯೇ ವಾಪಸು ತರುತ್ತದೆ. ಒಬ್ಬರೇ ಬಳಸುವ ಕಂಪ್ಯೂಟರಿನಲ್ಲಿ ಇದು ಅನುಕೂಲವೇ. ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಒಂದೇ ಲಾಗಿನ್, ಒಂದೇ ಫೋಲ್ಡರ್. ಸಾಲದ್ದಕ್ಕೆ, ನಮಗೆ ಕೊಟ್ಟ ಹಾಳೆಯಲ್ಲಿ ಎಲ್ಲರ ಅಂಕಿಪಟ್ಟಿಗೂ 'ಖರ್ಚು' ಎಂಬ ಒಂದೇ ಹೆಸರು.

ಅಂದು ಶುಕ್ರವಾರ, ಜುಮಾಗೆ ಬೇಗ ಬಿಡುವ ದಿನ. ಅವಸರದಲ್ಲಿ ಫೈಲಿನ ಹೆಸರು ತಪ್ಪಾಗಿ ಹೊಡೆದಿದ್ದೆ. ಫೈಲು ಸಿಗಲಿಲ್ಲ ಎಂಬ ಸಾಲು ಮೇಲೆ ಸರಿದು ಹೋಗಿತ್ತು, ನಾನು ನೋಡಲಿಲ್ಲ. ಸರಾಸರಿ ಕೇಳಿದಾಗ 'ಖರ್ಚು' ಅಲ್ಲಿ ಇದ್ದೇ ಇತ್ತು. ಬೆಳಗಿನ ಬ್ಯಾಚಿನಲ್ಲಿ ಅವಳು ಉಳಿಸಿ ಹೋದದ್ದು. ನನ್ನ ತಪ್ಪು ಇಲ್ಲ ಎನ್ನುವುದಿಲ್ಲ. ಆದರೆ ಆರ್ ಖಾಲಿಯಾಗಿ ತೆರೆದಿದ್ದರೆ 'ಖರ್ಚು ಎಂಬುದೇ ಇಲ್ಲ' ಎಂದು ಅದು ಅಲ್ಲೇ ನಿಲ್ಲುತ್ತಿತ್ತು.

ಆದ್ದರಿಂದ ನನ್ನ ಕೋರಿಕೆ: ಲ್ಯಾಬಿನ ಎಲ್ಲ ಕಂಪ್ಯೂಟರಿನಲ್ಲೂ ಆರ್ ಖಾಲಿಯಾಗಿಯೇ ತೆರೆಯಲಿ. ಖರ್ಚೇನೂ ಇಲ್ಲ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟಿನ ಪ್ರಾಪರ್ಟೀಸ್‌ಗೆ ಹೋಗಿ, ಟಾರ್ಗೆಟ್ ಸಾಲಿನ ಕೊನೆಗೆ 'ನೋ-ರಿಸ್ಟೋರ್' ಮತ್ತು 'ನೋ-ಸೇವ್' ಎಂಬ ಎರಡು ಪದ ಸೇರಿಸಬೇಕು, ಪ್ರತಿಯೊಂದರ ಮುಂದೆ ಎರಡು ಅಡ್ಡಗೆರೆ. ಒಂದು ಕಂಪ್ಯೂಟರಿಗೆ ಎರಡು ನಿಮಿಷ ಸಾಕು.

ಇನ್ನೊಂದು ಫೈಲಿದೆ, 'ಆರ್‌ಪ್ರೊಫೈಲ್ ಡಾಟ್ ಸೈಟ್'. ಅದರಲ್ಲಿ ಬರೆದದ್ದು ಆ ಕಂಪ್ಯೂಟರಿನಲ್ಲಿ ಆರ್ ತೆರೆಯುವ ಎಲ್ಲರಿಗೂ ಅನ್ವಯಿಸುತ್ತದೆ. ಒಂದು ಕಂಪ್ಯೂಟರಿನಲ್ಲಿ ಯಾರೋ ಅಲ್ಲಿ 'ಡಿಜಿಟ್ಸ್' ಅನ್ನು 3 ಮಾಡಿಟ್ಟಿದ್ದಾರೆ. ಅಲ್ಲಿ 48750.75 ಎಂದು ಹೊಡೆದರೆ ಪರದೆಯ ಮೇಲೆ 48751 ಎಂದು ಬರುತ್ತದೆ. ಒಳಗಿನ ಲೆಕ್ಕ ಕೆಡುವುದಿಲ್ಲ, ಕಾಣುವುದು ಮಾತ್ರ ಬದಲು. ಆದರೆ ನಾವು ರೆಕಾರ್ಡಿಗೆ ಬರೆಯುವುದು ಪರದೆ ನೋಡಿಯೇ ಅಲ್ಲವೇ? ಅಕೌಂಟೆನ್ಸಿಯಲ್ಲಿ 25 ಪೈಸೆ ಹೆಚ್ಚು ತೋರಿಸಿ ನೋಡಿ, ಮೇಡಂ ಏನನ್ನುತ್ತಾರೆ.

ಕೆಲವು ಗೆಳೆಯರ ವಾದ ಬೇರೆ. ಬೇಕಾದ ಪ್ಯಾಕೇಜುಗಳನ್ನೆಲ್ಲ ಆ ಫೈಲಿನಲ್ಲೇ ಲೋಡ್ ಮಾಡಿಟ್ಟರೆ ಪೀರಿಯಡ್ಡಿನ ಸಮಯ ಉಳಿಯುತ್ತದೆ ಎನ್ನುತ್ತಾರೆ. ಉಳಿಯುತ್ತದೆ, ಸುಳ್ಳಲ್ಲ. ಆದರೆ ಲ್ಯಾಬಿನಲ್ಲಿ ಓಡಿದ ಪ್ರೋಗ್ರಾಂ ಮನೆಯಲ್ಲೋ ಸೈಬರ್ ಕೆಫೆಯಲ್ಲೋ ಓಡುವುದಿಲ್ಲ. ಏಕೆಂದರೆ ಅದಕ್ಕೆ ಬೇಕಾದ ಸಾಲು ನಮ್ಮ ಪ್ರೋಗ್ರಾಮಿನಲ್ಲಿಲ್ಲ, ಲ್ಯಾಬಿನ ಫೈಲಿನಲ್ಲಿದೆ. ಆರ್ ತಯಾರಿಸುವವರಿಗೇ ಇಂಥ ತೊಂದರೆ ಗೊತ್ತು. ಅಕ್ಷರದ ಕಾಲಮ್ಮುಗಳನ್ನು ಓದುವಾಗಲೇ ವರ್ಗಗಳಾಗಿ ಬದಲಿಸುವ ಹಳೆಯ ಪದ್ಧತಿಯನ್ನು ಎಷ್ಟೋ ಜನ ತಮ್ಮ ಕಂಪ್ಯೂಟರಿನಲ್ಲಿ ಮಾತ್ರ ಆಫ್ ಮಾಡಿಕೊಂಡಿದ್ದರು. ಅವರ ಪ್ರೋಗ್ರಾಂ ಬೇರೆಯವರಲ್ಲಿ ಬೇರೆ ಉತ್ತರ ಕೊಡಬಹುದಿತ್ತು. 2020ರ 4.0.0 ಆವೃತ್ತಿಯಲ್ಲಿ ಎಲ್ಲರಿಗೂ ಒಂದೇ ಸಲ ಅದನ್ನು ಬದಲಿಸಿದರು.

ಸಾಮಾನ್ಯ ಫೈಲಿನಲ್ಲಿ ಏನೂ ಇರಬಾರದು ಎಂದು ನಾನು ಹೇಳುತ್ತಿಲ್ಲ. 'ಸೈಪೆನ್' ಇರಲಿ. ಅದಿಲ್ಲದಿದ್ದರೆ ಆರ್ ಒಂದು ಲಕ್ಷವನ್ನು 1ಇ+05 ಎಂದು ತೋರಿಸುತ್ತದೆ, ಕಾಮರ್ಸಿನವರಿಗೆ ಅದು ಯಾವ ಭಾಷೆಯೋ! ಏನು ಹಾಕಿದ್ದೇವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಲ್ಯಾಬಿನ ಗೋಡೆಗೆ ಅಂಟಿಸಲಿ. ಬದಲಿಸುವವರು ದಿನಾಂಕ ಹಾಕಿ ಸಹಿ ಮಾಡಲಿ.

ಸರಿಯಾದ ಫೈಲಿನಿಂದ ಮತ್ತೆ ಲೆಕ್ಕ ಮಾಡಿ ತೋರಿಸಿದ ಮೇಲೆ ಸರ್ ನನ್ನ ಅಂಕ ಕಡಿಯಲಿಲ್ಲ. ಆ ಹುಡುಗಿ ಮಾತ್ರ ಅಂದು ಸ್ಟಾಫ್ ರೂಮಿನಿಂದ ಅಳುತ್ತ ಹೋಗಿದ್ದಳು. ಏಳನೇ ಕಂಪ್ಯೂಟರಿನಲ್ಲಿ ಆ ಫೈಲು ಇದನ್ನು ಬರೆಯುವ ದಿನದವರೆಗೂ ಇದೆ.