ಪಟ್ಟಿ ಯಾರಿಗಾಗಿ?

ನಮ್ಮ ಪ್ರಯೋಗಶಾಲೆಯಲ್ಲಿ ಉಪಕರಣಗಳನ್ನು ಕೊಂಡ ವರ್ಷದ ಕ್ರಮದಲ್ಲಿಯೇ ಬೀರುಗಳಲ್ಲಿರಿಸುವ ಪದ್ಧತಿ ಬಹುಕಾಲ ನಡೆದುಬಂದಿತ್ತು. ದಾಸ್ತಾನು ಪುಸ್ತಕ ಬರೆಯುವವರಿಗೆ ಇದು ಬಲು ಅನುಕೂಲ. ಆದರೆ ಸ್ಕ್ರೂಗೇಜು ಬೇಕಾದ ವಿದ್ಯಾರ್ಥಿಗೆ ಅದನ್ನು ಕೊಂಡ ವರ್ಷ ತಿಳಿದಿರುವುದೆಂತು? ಒಮ್ಮೆ ಹುಡುಕಿ ಬೇಸತ್ತು ಹೊಸತೊಂದನ್ನು ತರಿಸಿದೆವು. ಹಳೆಯದು ಮುಂದಿನ ವಾರ ತಾನಾಗಿ ಕಣ್ಣಿಗೆ ಬಿತ್ತು.

ಇದೇ ಪ್ರಮಾದವು ಗಣಕಯಂತ್ರದ ಪರದೆಯ ಮೇಲೆಯೂ ನಡೆಯುತ್ತಿರುವುದನ್ನು ಕಂಡು ಈ ನಾಲ್ಕು ಮಾತು ಬರೆಯಬೇಕಾಯಿತು. ಇಂದಿನ ಜಾಲಪುಟಗಳನ್ನು ಗುಂಡಿ, ಹುಡುಕುವ ಪೆಟ್ಟಿಗೆ ಮೊದಲಾದ ಬಿಡಿ ಘಟಕಗಳಿಂದ ಕಟ್ಟುತ್ತಾರೆ. ಈ ಘಟಕಗಳನ್ನು ಪುಟದಿಂದ ಬೇರ್ಪಡಿಸಿ ಒಂದೊಂದಾಗಿ ಪರೀಕ್ಷಿಸಲು, ೨೦೧೬ರಲ್ಲಿ ಹೊರಬಂದ ಸ್ಟೋರಿಬುಕ್ ಎಂಬ ಸಾಧನವು ಬಳಕೆಯಲ್ಲಿದೆ. ಗುಂಡಿಯ ಸಾಮಾನ್ಯ ಸ್ಥಿತಿ ಒಂದು, ಒತ್ತಲಾಗದ ಸ್ಥಿತಿ ಇನ್ನೊಂದು. ಇಂತಹ ಪ್ರತಿಯೊಂದು ಸ್ಥಿತಿಗೂ ಅದರಲ್ಲಿ ‘ಸ್ಟೋರಿ’, ಎಂದರೆ ಕಥೆ, ಎಂದು ಹೆಸರು. ಎಡಪಕ್ಕದ ಪಟ್ಟಿಯಲ್ಲಿ ಕಥೆಗಳು ಘಟಕದ ಕೆಳಗೂ, ಘಟಕಗಳು ವರ್ಗಗಳ ಕೆಳಗೂ ಮರದ ಕೊಂಬೆಗಳಂತೆ ಹರಡಿಕೊಂಡಿರುತ್ತವೆ.

ಈ ಮರ ಬೆಳೆಯುವ ಬಗೆ ಸರಳ. ಶೀರ್ಷಿಕೆಯಲ್ಲಿ ಓರೆಗೆರೆ ಬಂದಲ್ಲೆಲ್ಲ ಹೊಸ ಕವಲೊಡೆಯುತ್ತದೆ: ‘ಅರ್ಜಿ/ಗುಂಡಿ’ ಎಂದು ಬರೆದರೆ ಅರ್ಜಿ ಎಂಬ ವರ್ಗದೊಳಗೆ ಗುಂಡಿಯು ಸೇರುತ್ತದೆ. ಶೀರ್ಷಿಕೆಯನ್ನು ಕೊಡದಿದ್ದರೆ ಕಡತವಿರುವ ಸ್ಥಳದಿಂದಲೇ ಅದು ರಚಿತವಾಗುತ್ತದೆ. ಕ್ರಮವನ್ನು ನಾವು ವಿಧಿಸದಿದ್ದರೆ ಕಥೆಗಳು ಸಾಧನದೊಳಕ್ಕೆ ಬಂದ ಕ್ರಮದಲ್ಲಿಯೇ ನಿಲ್ಲುತ್ತವೆ. ನನ್ನ ಆಕ್ಷೇಪವಿರುವುದು ಇಲ್ಲಿಯೇ. ಇದು ನಮ್ಮ ಹಳೆಯ ಬೀರುವಿನ ಇನ್ನೊಂದು ರೂಪವಲ್ಲವೆ? ಕಡತದ ಸ್ಥಳವು ಮಾಡಿದವನ ಅನುಕೂಲವನ್ನು ತೋರಿಸುತ್ತದೆ; ಹುಡುಕುವವನಿಗೆ ಬೇಕಾದುದು ಘಟಕದ ಉಪಯೋಗ. ಸಿಕ್ಕದ ಗುಂಡಿಯನ್ನು ಅವನು ಮತ್ತೆ ತಯಾರಿಸುತ್ತಾನೆ. ಶ್ರಮವೂ ವ್ಯರ್ಥ, ಒಂದೇ ಪುಟದಲ್ಲಿ ಎರಡು ಬಗೆಯ ಗುಂಡಿಗಳೂ ಉಳಿಯುತ್ತವೆ.

ಹೆಸರು ತಿಳಿದರೆ ಹುಡುಕುವ ಪೆಟ್ಟಿಗೆಯಿದೆಯಲ್ಲ ಎನ್ನಬಹುದು. ನಿಜ, ಆದರೆ ಹೆಸರನ್ನೇ ಅರಿಯದವನಿಗಾಗಿ ತಾನೆ ಪಟ್ಟಿ ಇರತಕ್ಕದ್ದು?

ಅಮೆರಿಕದ ವಿನ್ಯಾಸಕಾರ ಬ್ರ್ಯಾಡ್ ಫ್ರಾಸ್ಟ್ ೨೦೧೩ರಲ್ಲಿ ಮುಂದಿಟ್ಟ ಪರಮಾಣು, ಅಣು, ಜೀವಿ ಎಂಬ ವಿಭಾಗವನ್ನು ಹಲವರು ಈ ಪಟ್ಟಿಗಳಲ್ಲಿ ಅನುಸರಿಸುತ್ತಾರೆ. ಉಪಮೆಯೇನೋ ಭೌತಶಾಸ್ತ್ರದ ಅಧ್ಯಾಪಕನಿಗೆ ಹಿತವಾದುದೇ. ಆದರೆ ಆಮ್ಲಜನಕದ ಪರಮಾಣುವಿಗೂ ನೀರಿನ ಅಣುವಿಗೂ ಇರುವ ಭೇದವು ನಿಸರ್ಗದತ್ತ. ಹುಡುಕುವ ಪೆಟ್ಟಿಗೆಯು ಅಣುವೋ ಜೀವಿಯೋ ಎಂಬುದು ಕಟ್ಟಿದವರ ಒಪ್ಪಂದ. ಆ ಒಪ್ಪಂದವನ್ನರಿಯದ ಹೊಸಬನು ಎರಡು ಬಾಗಿಲನ್ನೂ ತಟ್ಟಬೇಕಾಗುತ್ತದೆ.

ಈ ತೊಡಕನ್ನು ಗ್ರಂಥಾಲಯ ಶಾಸ್ತ್ರವು ಬಹು ಹಿಂದೆಯೇ ಕಂಡಿತ್ತು. ೧೯೬೨ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ ಅವರು, ೧೯೩೩ರ ತಮ್ಮ ಕೋಲನ್ ವರ್ಗೀಕರಣದಲ್ಲಿ ಒಂದು ವಿಷಯವನ್ನು ಅದರ ಹಲವು ಮುಖಗಳಿಂದ ಗುರುತಿಸುವ ಕ್ರಮವನ್ನು ತೋರಿಸಿದರು. ಸ್ಟೋರಿಬುಕ್ಕಿನ ಇತ್ತೀಚಿನ ಆವೃತ್ತಿಗಳಲ್ಲಿಯೂ ಕಥೆಗಳಿಗೆ ಗುರುತುಚೀಟಿಗಳನ್ನು ಅಂಟಿಸಿ ಪಟ್ಟಿಯನ್ನು ಸೋಸಬಹುದಾಗಿದೆ. ಕವಲುಗಳು ಕಡಿಮೆಯಿದ್ದು ಗುರುತುಗಳು ಸ್ಪಷ್ಟವಾಗಿದ್ದರೆ ಮೇಲೆಂಬುದು ನನ್ನ ಅಭಿಪ್ರಾಯ.

ನಾಳೆ ಇಂತಹ ಪಟ್ಟಿಗಳನ್ನು ರಚಿಸುವವರು ಇಂದಿನ ವಿದ್ಯಾರ್ಥಿಗಳೇ. ಅವರು ಒಂದು ಸುಲಭವಾದ ಪ್ರಯೋಗವನ್ನು ಮಾಡಿ ನೋಡಲಿ: ಪಟ್ಟಿಯನ್ನು ಎಂದೂ ಕಾಣದ ಗೆಳೆಯನೊಬ್ಬನನ್ನು ಕರೆದು, ಯಾವುದಾದರೊಂದು ಘಟಕವನ್ನು ಹುಡುಕಲು ಹೇಳಿ, ಸುಮ್ಮನೆ ಪಕ್ಕದಲ್ಲಿ ಕುಳಿತಿರಲಿ. ಅವನ ಕೈ ಎಲ್ಲಿ ತಡವರಿಸಿತೋ ಅಲ್ಲಿ ತಿದ್ದಬೇಕಾದುದು ಪಟ್ಟಿಯನ್ನು, ಗೆಳೆಯನನ್ನಲ್ಲ.